ಹಾಡು ನಿಲ್ಲಿಸಿದರೆ ನೋವು ನಿಲ್ಲುವುದೇ?

ಭಾನುವಾರ ಎಂದರೆ ನಮಗೆ ಪ್ರಭುವಿನ ದಿನ. ಬೆಳಿಗ್ಗೆ ಚರ್ಚಿನ ಗಂಟೆ, ಬಲಿಪೂಜೆ, ಮಧ್ಯಾಹ್ನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡುವ ಊಟ. ಆದರೆ ಒಂಟಿಯಾಗಿ ಉಳಿದವರಿಗೆ ವಾರದಲ್ಲಿ ಕಳೆಯಲು ಅತ್ಯಂತ ಕಷ್ಟದ ದಿನವೂ ಇದೇ ಭಾನುವಾರ. ಉಳಿದ ಆರು ದಿನ ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದ ನೋವು ಅಂದು ಮತ್ತೆ ತಲೆಯೆತ್ತುತ್ತದೆ.

ಈ ಮಾತನ್ನು ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಒಂದು ಹಾಡು ಹೇಳಿತ್ತು. ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದ ಆ ಹಾಡಿನ ಹೆಸರು ‘ಸೊಮೊರೂ ವಾಶಾರ್ನಾಪ್’, ಅಂದರೆ ದುಗುಡದ ಭಾನುವಾರ. ಇಂಗ್ಲಿಷಿನಲ್ಲಿ ಅದು ‘ಗ್ಲೂಮಿ ಸಂಡೇ’ ಎಂದು ಪ್ರಸಿದ್ಧವಾಯಿತು. ಜನ ಈ ಹಾಡನ್ನು ಎಷ್ಟು ಕೇಳಿದರೋ, ಆಳುವವರು ಮತ್ತು ರೇಡಿಯೋ ನಡೆಸುವವರು ಅದಕ್ಕೆ ಅಷ್ಟೇ ಹೆದರಿದರು. ಬ್ರಿಟನ್ನಿನ ಬಿಬಿಸಿ ರೇಡಿಯೋ ಎರಡನೇ ಮಹಾಯುದ್ಧದ ಕಾಲದಲ್ಲಿ ಅದರ ಮೇಲೆ ಹೇರಿದ ನಿರ್ಬಂಧವನ್ನು ತೆಗೆದದ್ದು 2002ರಲ್ಲಿ!

ಪ್ರತಿ ವರ್ಷ ಸೆಪ್ಟೆಂಬರ್ 10ನ್ನು ವಿಶ್ವ ಆತ್ಮಹತ್ಯೆ ತಡೆ ದಿನವಾಗಿ ಆಚರಿಸಲಾಗುತ್ತದೆ. 2024ರಿಂದ 2026ರವರೆಗಿನ ಮೂರು ವರ್ಷಗಳಿಗೆ ಆರಿಸಿಕೊಂಡ ಧ್ಯೇಯದ ತಿರುಳು, ಈ ವಿಷಯದ ಬಗ್ಗೆ ನಾವು ಮಾತಾಡುವ ರೀತಿ ಬದಲಾಗಬೇಕು ಎಂಬುದು. ಮಾತಾಡಬೇಕೇ, ಸುಮ್ಮನಿರಬೇಕೇ? ಮಾತಾಡುವುದಾದರೆ ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಆ ಹಳೆಯ ಹಾಡಿನ ಕಥೆ ನಮಗೆ ಉಪಯೋಗಕ್ಕೆ ಬರುತ್ತದೆ.

ಒಂದು ರಾಗ, ಎರಡು ಸಾಹಿತ್ಯ

ಹಾಡಿನ ರಾಗ ಕಟ್ಟಿದವರು ರೆಜೋ ಶೆರೆಶ್ ಎಂಬ ಯೆಹೂದಿ ಪಿಯಾನೋ ವಾದಕರು. ಬುಡಾಪೆಸ್ಟಿನ ಕಿಶ್‌ಪಿಪಾ ಎಂಬ ಹೋಟೆಲಿನಲ್ಲಿ ಊಟಕ್ಕೆ ಬಂದವರ ಮುಂದೆ ಪಿಯಾನೋ ನುಡಿಸುತ್ತಿದ್ದವರು ಅವರು. ಹಾಡು 1933ರಲ್ಲಿ ಪ್ರಕಟವಾಯಿತು. ಹಂಗೇರಿಯ ಪಾಲಿಗೆ ಅದು ಕೆಟ್ಟ ಕಾಲ. ಮೊದಲ ಮಹಾಯುದ್ಧದಲ್ಲಿ ಸೋತ ಆ ದೇಶ 1920ರ ಒಪ್ಪಂದದಲ್ಲಿ ತನ್ನ ಭೂಮಿಯ ಮೂರನೇ ಎರಡು ಭಾಗವನ್ನು ಕಳೆದುಕೊಂಡಿತ್ತು. ಅದರ ಮೇಲೆ ಜಗತ್ತನ್ನೇ ಹಿಂಡಿದ ಆರ್ಥಿಕ ಕುಸಿತ. ಕೆಲಸವಿಲ್ಲ, ಕೈಯಲ್ಲಿ ಹಣವಿಲ್ಲ, ನಾಳೆಯ ಭರವಸೆಯೂ ಇಲ್ಲ.

ಶೆರೆಶ್ ತಾವೇ ಬರೆದ ಸಾಹಿತ್ಯ ಪ್ರೇಮದ ಕುರಿತದ್ದಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಲೋಕವೇ ಮುಗಿಯುತ್ತಿದೆ ಎಂಬ ಅರ್ಥದ ಹೆಸರಿದ್ದ ಆ ಹಾಡಿನಲ್ಲಿ ಯುದ್ಧದ ನೋವಿತ್ತು, ಮನುಷ್ಯರ ಕ್ರೌರ್ಯದ ಬಗ್ಗೆ ದುಃಖವಿತ್ತು. ಆ ಸಾಲುಗಳನ್ನು ಜನ ಹೆಚ್ಚು ಹಾಡಲಿಲ್ಲ. ಲಾಸ್ಲೋ ಯಾವೋರ್ ಎಂಬ ಕವಿ ಅದೇ ರಾಗಕ್ಕೆ ಬೇರೆ ಸಾಹಿತ್ಯ ಬರೆದರು. ಅದರಲ್ಲಿ ಪ್ರಿಯತಮೆ ತೀರಿಕೊಂಡಿದ್ದಾಳೆ. ಉಳಿದವನು ಭಾನುವಾರ ಒಬ್ಬನೇ ಕುಳಿತು ತಾನೂ ಅವಳ ಹಿಂದೆ ಹೋಗುವ ಯೋಚನೆ ಮಾಡುತ್ತಾನೆ. 1935ರಲ್ಲಿ ಪಾಲ್ ಕಲ್ಮಾರ್ ಎಂಬ ಗಾಯಕ ಇದನ್ನು ಹಂಗೇರಿಯನ್ ಭಾಷೆಯಲ್ಲಿ ಹಾಡಿ ಧ್ವನಿಮುದ್ರಿಸಿದರು.

ಅಲ್ಲಿಂದ ಹಾಡು ಸಮುದ್ರ ದಾಟಿತು. ಅಮೆರಿಕದಲ್ಲಿ ಸ್ಯಾಮ್ ಲೂಯಿಸ್ ಬರೆದ ಇಂಗ್ಲಿಷ್ ಸಾಹಿತ್ಯವನ್ನು 1941ರಲ್ಲಿ ಜಾಝ್ ಗಾಯಕಿ ಬಿಲ್ಲೀ ಹಾಲಿಡೇ ಹಾಡಿದರು. ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದು ಅವರ ದನಿಯೇ. ಇಂಗ್ಲಿಷ್ ಹಾಡಿನ ಕೊನೆಯಲ್ಲಿ ಒಂದು ತಿರುವು ಇದೆ. ಹಾಡುವವಳು ಎಚ್ಚರಗೊಳ್ಳುತ್ತಾಳೆ, ಅಷ್ಟು ಹೊತ್ತು ಕಂಡದ್ದೆಲ್ಲ ಕನಸು ಎಂದು ಆಗ ತಿಳಿಯುತ್ತದೆ. ದುಃಖದ ತೀವ್ರತೆಯನ್ನು ಇದು ಸ್ವಲ್ಪ ತಗ್ಗಿಸುತ್ತದೆ. ಆದರೂ ರೇಡಿಯೋದವರ ಭಯ ಕಡಿಮೆಯಾಗಲಿಲ್ಲ.

ಪದಕ್ಕೆ ತಡೆ, ರಾಗಕ್ಕೆ ಅನುಮತಿ

ಬಿಬಿಸಿಯ ಆದೇಶ ವಿಚಿತ್ರವಾಗಿತ್ತು. ಹಾಡಿನ ಸಾಹಿತ್ಯ ಪ್ರಸಾರವಾಗಬಾರದು. ಆದರೆ ಸಾಹಿತ್ಯವಿಲ್ಲದೆ ಬರೇ ವಾದ್ಯದಲ್ಲಿ ರಾಗ ನುಡಿಸಿದರೆ ಅಡ್ಡಿಯಿಲ್ಲ. ಯುದ್ಧಕಾಲದಲ್ಲಿ ಜನರ ಮನೋಬಲ ಕುಗ್ಗಬಾರದು ಎಂಬುದು ಇದಕ್ಕೆ ಕೊಟ್ಟ ಕಾರಣ. ಲಂಡನ್ ನಗರದ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳವು. ಮನೆಯ ಗಂಡಸರು ಯುದ್ಧಭೂಮಿಯಲ್ಲಿದ್ದರು. ಅಂಥ ಹೊತ್ತಿನಲ್ಲಿ ರೇಡಿಯೋ ಸಾವಿನ ಹಾಡು ಹಾಡಬಾರದು ಎಂದು ಅಧಿಕಾರಿಗಳು ಎಣಿಸಿದ್ದರಲ್ಲಿ ಕೆಟ್ಟ ಉದ್ದೇಶವಿತ್ತು ಎಂದು ನಾವು ಹೇಳುವಂತಿಲ್ಲ.

ಬಿಬಿಸಿ ಇಷ್ಟಕ್ಕೇ ನಿಲ್ಲಲಿಲ್ಲ. 1942ರಲ್ಲಿ ಅತಿ ಭಾವುಕತೆಯ ಹಾಡುಗಳನ್ನೇ ದೂರವಿಡುವ ಧೋರಣೆ ತಳೆಯಿತು. 1943ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ, ಕ್ರಿಸ್ಮಸ್ ಹಬ್ಬಕ್ಕೆ ಮನೆಗೆ ಬರುವ ಕನಸು ಕಾಣುವ ಸೈನಿಕನ ಹಾಡಿಗೂ ಅಲ್ಲಿ ತಡೆ ಬಿತ್ತು. ಮನೆಯ ನೆನಪು ಸೈನಿಕರನ್ನು ಕುಗ್ಗಿಸೀತು ಎಂಬ ಭಯ! ಇಂದು ಕ್ರಿಸ್ಮಸ್ ಕಾಲದಲ್ಲಿ ಎಲ್ಲೆಡೆ ಕೇಳಿಬರುವ ಆ ಹಾಡಿಗೆ ಇಂಥ ಇತಿಹಾಸವಿದೆ ಎಂದರೆ ನಂಬುವುದು ಕಷ್ಟ.

ಯುದ್ಧ ಮುಗಿದ ಮೇಲೂ ಈ ರೂಢಿ ಹೋಗಲಿಲ್ಲ. 1960ರಲ್ಲಿ ‘ಟೆಲ್ ಲಾರಾ ಐ ಲವ್ ಹರ್’ ಎಂಬ ಹಾಡು ಬಂತು. ಪ್ರೀತಿಸಿದ ಹುಡುಗಿಗೆ ಮದುವೆಯ ಉಂಗುರ ಕೊಳ್ಳಲು ಹಣ ಬೇಕೆಂದು ಕಾರಿನ ಓಟದ ಪಂದ್ಯಕ್ಕೆ ಇಳಿದು ಸಾಯುವ ಹುಡುಗನ ಕಥೆ ಅದು. ಪ್ರಾರ್ಥನಾಲಯದಲ್ಲಿ ಮೊಣಕಾಲೂರಿದ ಲಾರಾಳಿಗೆ ಅವನ ದನಿ ಕೇಳಿಸುತ್ತದೆ. ಬಿಬಿಸಿ ಅದನ್ನು ಪ್ರಸಾರ ಮಾಡಲಿಲ್ಲ. ಪರಿಣಾಮ ಏನಾಯಿತು? ರಿಕಿ ವೇಲೆನ್ಸ್ ಹಾಡಿದ ಆವೃತ್ತಿ ಅದೇ ವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ರೇಡಿಯೋ ಒಂದು ಹಾಡಿಗೆ ಬಾಗಿಲು ಮುಚ್ಚಿದರೆ ಕೇಳುಗರು ಇನ್ನೊಂದು ಬಾಗಿಲು ಹುಡುಕುತ್ತಾರೆ ಎಂಬುದು ನಮ್ಮ ದೇಶದ ಅನುಭವವೂ ಹೌದು. ಕಾರಣ ಬೇರೆಯಿದ್ದರೂ ಫಲ ಒಂದೇ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರು ಸಿನಿಮಾ ಹಾಡುಗಳಿಂದ ಜನರ ಅಭಿರುಚಿ ಕೆಡುತ್ತದೆ ಎಂದು ಆಕಾಶವಾಣಿಯಲ್ಲಿ ಅವಕ್ಕೆ ಜಾಗವಿಲ್ಲದಂತೆ ಮಾಡಿದರು. ಜನ ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಮನೆಮಾತಾಯಿತು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು.

ಕಟ್ಟುಕಥೆಯೂ ಸತ್ಯವೂ

‘ಗ್ಲೂಮಿ ಸಂಡೇ’ ಹಾಡಿನ ಸುತ್ತ ಒಂದು ದಂತಕಥೆಯೇ ಬೆಳೆದಿದೆ. ಇದನ್ನು ಕೇಳಿದವರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡರು, ಇದು ಶಾಪಗ್ರಸ್ತ ಹಾಡು ಎಂದೆಲ್ಲ 1930ರ ದಶಕದ ಪತ್ರಿಕೆಗಳು ಬರೆದವು. ಇಂದು ಮೊಬೈಲಿನಲ್ಲಿ ನೋಡುವ ವಿಡಿಯೋಗಳೂ ಅದನ್ನೇ ಇನ್ನಷ್ಟು ಬಣ್ಣ ಕಟ್ಟಿ ಹೇಳುತ್ತವೆ. ಆದರೆ ಹಾಡೇ ಆ ಸಾವುಗಳಿಗೆ ಕಾರಣ ಎಂದು ಯಾರೂ ಸಾಬೀತು ಮಾಡಿಲ್ಲ. ಹಂಗೇರಿಯಲ್ಲಿ ಆತ್ಮಹತ್ಯೆಯ ಪ್ರಮಾಣ ಹಾಡು ಹುಟ್ಟುವ ಮೊದಲೇ ಹೆಚ್ಚಾಗಿತ್ತು, ಹಾಡು ಹಳತಾದ ಮೇಲೂ ದಶಕಗಳ ಕಾಲ ಹೆಚ್ಚಾಗಿಯೇ ಇತ್ತು. ಬಡತನ, ಯುದ್ಧ, ಮದ್ಯಪಾನ, ಚಿಕಿತ್ಸೆ ಸಿಗದ ಮನೋವ್ಯಥೆ ಇವನ್ನೆಲ್ಲ ಬಿಟ್ಟು ಒಂದು ಹಾಡಿನ ಮೇಲೆ ಅಪವಾದ ಹೊರಿಸುವುದು ಸುಲಭ. ಹಾಡನ್ನು ನಿಲ್ಲಿಸಲು ಒಂದು ಆದೇಶ ಸಾಕು. ಬಡತನವನ್ನು ನಿಲ್ಲಿಸಲು ಸಾಕೇ?

ಶೆರೆಶ್ ಅವರ ಬದುಕು ಮಾತ್ರ ಕಟ್ಟುಕಥೆಯಲ್ಲ. ನಾಜಿಗಳ ಕಾಲದಲ್ಲಿ ಯೆಹೂದಿ ಎಂಬ ಕಾರಣಕ್ಕೆ ಅವರನ್ನು ಉಕ್ರೇನಿನ ಕಡ್ಡಾಯ ದುಡಿಮೆಯ ಶಿಬಿರಕ್ಕೆ ಒಯ್ದರು. ಅವರು ಬದುಕಿ ಬಂದರು. ಯುದ್ಧಾನಂತರವೂ ಬುಡಾಪೆಸ್ಟಿನಲ್ಲೇ ಉಳಿದು ಪಿಯಾನೋ ನುಡಿಸಿದರು. 1968ರ ಜನವರಿಯಲ್ಲಿ ಅವರು ತಾವಾಗಿಯೇ ಬದುಕನ್ನು ಕೊನೆಗೊಳಿಸಿಕೊಂಡರು. ಹೇಗೆ ಎಂಬುದನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯದಿರುವುದಕ್ಕೂ ಒಂದು ಕಾರಣವಿದೆ.

ಭಯ ಪೂರ್ತಿ ಸುಳ್ಳಲ್ಲ

ರೇಡಿಯೋ ಅಧಿಕಾರಿಗಳನ್ನು ನೋಡಿ ನಕ್ಕುಬಿಡುವುದು ಸರಿಯಲ್ಲ. ಜರ್ಮನ್ ಸಾಹಿತಿ ಗೋಯಥೆ 1774ರಲ್ಲಿ ಬರೆದ ಕಾದಂಬರಿಯ ನಾಯಕ ವರ್ಥರ್, ಪ್ರೇಮ ಕೈಗೂಡದೆ ಪ್ರಾಣ ಬಿಡುತ್ತಾನೆ. ಯುವಕರು ಅವನಂತೆಯೇ ಉಡುಪು ತೊಟ್ಟರು. ಕೆಲವರು ಅವನಂತೆಯೇ ಸತ್ತರೆಂಬ ಭಯದಿಂದ 1775ರಲ್ಲಿ ಲೈಪ್‌ಜಿಗ್ ನಗರ ಆ ಪುಸ್ತಕವನ್ನು ನಿಷೇಧಿಸಿತು. ಎರಡು ನೂರು ವರ್ಷಗಳ ಬಳಿಕ, 1974ರಲ್ಲಿ, ಅಮೆರಿಕದ ಸಂಶೋಧಕ ಡೇವಿಡ್ ಫಿಲಿಪ್ಸ್ ಅವರು ಪತ್ರಿಕೆಗಳ ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ಬಂದ ಮೇಲೆ ಅಂಥ ಸಾವುಗಳು ಹೆಚ್ಚುವುದನ್ನು ತೋರಿಸಿ, ಅದನ್ನು ‘ವರ್ಥರ್ ಪರಿಣಾಮ’ ಎಂದು ಕರೆದರು.

ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1980ರ ದಶಕದಲ್ಲಿ ಮೆಟ್ರೋ ರೈಲಿನ ದಾರಿಯಲ್ಲಿ ಇಂಥ ಸಾವುಗಳು ಹೆಚ್ಚಾದವು. ಪತ್ರಿಕೆಗಳು ಅವುಗಳನ್ನು ರೋಚಕವಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರು ಪತ್ರಕರ್ತರೊಂದಿಗೆ ಕುಳಿತು ವರದಿ ಬರೆಯುವ ಕ್ರಮವನ್ನು ರೂಪಿಸಿದರು. ವಿಧಾನ ವಿವರಿಸಬೇಡಿ, ದೊಡ್ಡ ಶೀರ್ಷಿಕೆ ಕೊಡಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ ಎಂಬುದು ಅದರ ಸಾರ. ಆ ಬಳಿಕ ಅಲ್ಲಿಯ ಸಾವುಗಳು ತೀವ್ರವಾಗಿ ಇಳಿದವು. ಭಾರತದಲ್ಲಿ ಪ್ರೆಸ್ ಕೌನ್ಸಿಲ್ 2019ರಲ್ಲಿ ಇಂಥದೇ ಸೂಚನೆಗಳನ್ನು ಒಪ್ಪಿಕೊಂಡಿದೆ.

ಗಮನಿಸಬೇಕಾದ ವಿಷಯ ಇಷ್ಟೇ. ವಿಯೆನ್ನಾದಲ್ಲಿ ಯಾರೂ ಸುದ್ದಿಯನ್ನು ನಿಷೇಧಿಸಲಿಲ್ಲ. ಹೇಳುವ ರೀತಿಯನ್ನು ಬದಲಿಸಿದರು. ಬಾಯಿ ಮುಚ್ಚಿಸುವುದಕ್ಕೂ ಎಚ್ಚರದಿಂದ ಮಾತಾಡುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಹಾಡು

ಅದೇ ವಿಯೆನ್ನಾದಲ್ಲಿ 1791ರಲ್ಲಿ ಮೊತ್ಸಾರ್ಟ್ ಅವರ ‘ಮಾಂತ್ರಿಕ ಕೊಳಲು’ ಎಂಬ ಸಂಗೀತ ನಾಟಕ ಮೊದಲ ಬಾರಿ ರಂಗವೇರಿತು. ಅದರಲ್ಲಿ ಪಾಪಾಗೇನೋ ಎಂಬ ಹಕ್ಕಿ ಹಿಡಿಯುವವನು ತನ್ನ ಪ್ರೀತಿಯ ಹುಡುಗಿಯನ್ನು ಕಳೆದುಕೊಂಡೆ ಎಂದು ಸಾಯಲು ಹೊರಡುತ್ತಾನೆ. ಆಗ ಮೂವರು ಬಾಲಕರು ಬಂದು ಬೇರೆ ದಾರಿಯಿದೆ ಎಂದು ನೆನಪಿಸುತ್ತಾರೆ. ಅವನು ಬದುಕುತ್ತಾನೆ. ಕಷ್ಟದಿಂದ ಪಾರಾಗಿ ಬಂದವರ ಕಥೆ ಹೇಳಿದರೆ ಅದು ಜೀವ ಉಳಿಸಬಹುದು ಎಂದು 2010ರಲ್ಲಿ ವಿಯೆನ್ನಾದ ಸಂಶೋಧಕರು ಕಂಡುಕೊಂಡಾಗ, ಅದಕ್ಕೆ ‘ಪಾಪಾಗೇನೋ ಪರಿಣಾಮ’ ಎಂದೇ ಹೆಸರಿಟ್ಟರು.

ಇದಕ್ಕೆ ನಮ್ಮ ಕಾಲದ ಉದಾಹರಣೆಯೂ ಇದೆ. 2017ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಲಾಜಿಕ್ ಒಂದು ಹಾಡು ಬಿಡುಗಡೆ ಮಾಡಿದರು. ಅದರ ಹೆಸರೇ ಒಂದು ಫೋನ್ ನಂಬರ್! ಆತ್ಮಹತ್ಯೆ ತಡೆಯುವ ಆ ದೇಶದ ಸಹಾಯವಾಣಿಯ ನಂಬರ್ ಅದು. ಹಾಡಿನ ಆರಂಭದಲ್ಲಿ ಬದುಕು ಬೇಡವೆನ್ನುವ ಒಬ್ಬನಿದ್ದಾನೆ. ಫೋನಿನ ಆಚೆ ತುದಿಯಲ್ಲಿ ಕೇಳಿಸಿಕೊಳ್ಳುವ ಒಬ್ಬನಿದ್ದಾನೆ. ಹಾಡು ಮುಗಿಯುವಾಗ ಮೊದಲನೆಯವನು ಬದುಕನ್ನು ಆರಿಸಿಕೊಂಡಿರುತ್ತಾನೆ. 2021ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಈ ಹಾಡಿನ ಬಗ್ಗೆ ಹೆಚ್ಚು ಮಾತಾಡಿದ 34 ದಿನಗಳಲ್ಲಿ ಆ ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಕರೆಗಳು ಹೆಚ್ಚು ಬಂದವು. ಅದೇ ಅವಧಿಯಲ್ಲಿ ಆತ್ಮಹತ್ಯೆಗಳು ನಿರೀಕ್ಷೆಗಿಂತ 245ರಷ್ಟು ಕಡಿಮೆಯಾದವು. ಹಾಡೊಂದೇ ಇದಕ್ಕೆ ಕಾರಣ ಎಂದು ಖಡಾಖಂಡಿತವಾಗಿ ಹೇಳಲಾಗದು. ಆದರೆ ದಿಕ್ಕು ಸ್ಪಷ್ಟವಾಗಿದೆ.

ಎರಡು ಹಾಡುಗಳಲ್ಲೂ ಇರುವುದು ಒಂದೇ ನೋವು. ‘ಗ್ಲೂಮಿ ಸಂಡೇ’ಯಲ್ಲಿ ನೊಂದವನ ಮಾತಿಗೆ ಉತ್ತರಿಸಲು ಯಾರೂ ಇಲ್ಲ. ಎರಡನೆಯದರಲ್ಲಿ ಒಬ್ಬರಿದ್ದಾರೆ. ಜೀವ ಉಳಿಸುವುದು ಆ ಒಬ್ಬರು.

ನಮ್ಮ ಮೌನದ ನಿಷೇಧ

ಬಿಬಿಸಿಯನ್ನು ಟೀಕಿಸುವ ಮುನ್ನ ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳೋಣ. ನಮ್ಮ ಧರ್ಮಕೇಂದ್ರದಲ್ಲಿ ಇಂಥ ಸಾವು ಸಂಭವಿಸಿದರೆ ನಾವು ಮಾಡುವುದೇನು? ಹೃದಯಾಘಾತವಂತೆ, ಜ್ವರವಿತ್ತಂತೆ ಎಂದು ಒಂದು ಮಾತು ಹರಡುತ್ತೇವೆ. ಅಂಗಳದಲ್ಲಿ ನಿಂತು ಪಿಸುಗುಟ್ಟುತ್ತೇವೆ. ಒಳಗೆ ಕುಳಿತ ತಾಯಿಯ ಬಳಿ ಹೋದಾಗ ಯಾವ ಮಾತೂ ಬಾರದೆ ಬೇಗನೆ ಎದ್ದು ಬರುತ್ತೇವೆ. ಏಳನೆಯ ದಿನದ ಪೂಜೆಯ ನಂತರ ಆ ಮನೆಯ ದಾರಿಯನ್ನೇ ಮರೆಯುತ್ತೇವೆ. ಇದೂ ಒಂದು ಬಗೆಯ ಸೆನ್ಸಾರ್ ಅಲ್ಲವೇ? ನಮ್ಮ ಭಾಷೆಯ ‘ಆತ್ಮಹತ್ಯೆ’ ಎಂಬ ಪದದಲ್ಲೇ ಹತ್ಯೆಯ ಆರೋಪವಿದೆ. ಸತ್ತವರ ಮೇಲಿನ ಆ ಆರೋಪವನ್ನು ಉಳಿದ ಮನೆಮಂದಿ ಹೊರಬೇಕಾಗುತ್ತದೆ.

ಈ ಮೌನಕ್ಕೆ ಹಳೆಯ ಕಾರಣವಿದೆ. 1917ರ ಧರ್ಮಸಭೆಯ ಕಾನೂನು ಸಂಹಿತೆ, ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡು ಪಶ್ಚಾತ್ತಾಪದ ಗುರುತು ತೋರದೆ ಹೋದವರಿಗೆ ಚರ್ಚಿನ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. ನಮ್ಮ ಹಿರಿಯರ ಮನಸ್ಸಿನಲ್ಲಿ ಆ ಭಯ ಇನ್ನೂ ಇದೆ. ಆದರೆ 1983ರ ಹೊಸ ಸಂಹಿತೆಯಲ್ಲಿ ಅಂತ್ಯಸಂಸ್ಕಾರ ನಿರಾಕರಿಸಬೇಕಾದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. 1992ರ ಧರ್ಮೋಪದೇಶ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೀವ ದೇವರ ವರ, ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂದು ಅದು ಖಂಡಿತವಾಗಿ ಬೋಧಿಸುತ್ತದೆ. ಅದರ ಜೊತೆಗೇ, ತೀವ್ರ ಮನೋವ್ಯಥೆ, ಯಾತನೆ ಮತ್ತು ಭಯ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಎಂದೂ ಹೇಳುತ್ತದೆ. ಹಾಗೆ ಸತ್ತವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು 2283ನೇ ಪರಿಚ್ಛೇದ ತಿಳಿಸುತ್ತದೆ. ಈ ಮಾತು ಎಷ್ಟು ಮನೆಗಳಿಗೆ ತಲುಪಿದೆ?

ದೇಶದ ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯಲ್ಲ, ಆರೈಕೆ ಸಿಗಬೇಕು ಎನ್ನುತ್ತದೆ.

ಬೈಬಲ್ ಅಂತೂ ಇಂಥ ನೋವನ್ನು ಎಂದೂ ಮುಚ್ಚಿಡಲಿಲ್ಲ. 88ನೇ ಕೀರ್ತನೆಯನ್ನು ತೆರೆದು ಓದಿ. ಉಳಿದ ಶೋಕದ ಕೀರ್ತನೆಗಳಂತೆ ಅದು ಸ್ತುತಿಯಲ್ಲಿ ಮುಗಿಯುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಕೀರ್ತನೆಯನ್ನು ಧರ್ಮಸಭೆ ಕಿತ್ತುಹಾಕಲಿಲ್ಲ. ಪ್ರತಿ ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಅದನ್ನೇ ಇಟ್ಟಿದೆ. ಪ್ರವಾದಿ ಎಲೀಯ ಅರಣ್ಯದಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತನು ಬಂದು ಮುಟ್ಟಿ ಎಬ್ಬಿಸಿ ರೊಟ್ಟಿ ಮತ್ತು ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದ. ದಾರಿ ಹೇಳಿದ್ದು ಆಮೇಲೆ.

ನಾವು ಮಾಡಬಹುದಾದದ್ದು

2022ರಲ್ಲಿ ಭಾರತದಲ್ಲಿ 1,70,924 ಮಂದಿ ಹೀಗೆ ಪ್ರಾಣ ಕಳೆದುಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಗಳ ಪಾಲು ಶೇ. 31.7, ಕಾಯಿಲೆಗಳದ್ದು ಶೇ. 18.4. ಪ್ರೇಮ ಪ್ರಕರಣಗಳದ್ದು ಶೇ. 5ಕ್ಕಿಂತಲೂ ಕಡಿಮೆ. ನಾವು ಹಾಡು, ಸಿನಿಮಾ, ಮೊಬೈಲ್ ಎಂದು ದೂರುವಾಗ ಈ ಲೆಕ್ಕ ನೆನಪಿರಲಿ. ನೋವು ಹೆಚ್ಚಾಗಿ ಹುಟ್ಟುವುದು ಮನೆಯೊಳಗೆ. ಅದನ್ನು ಕೇಳಿಸಿಕೊಳ್ಳುವ ಕೆಲಸವೂ ಅಲ್ಲಿಂದಲೇ ಆರಂಭವಾಗಬೇಕು.

ಕರಾವಳಿಯ ನಮ್ಮ ಎಷ್ಟೋ ಮನೆಗಳಲ್ಲಿ ದುಡಿಯುವವರು ಗಲ್ಫಿನಲ್ಲಿದ್ದಾರೆ, ಮಕ್ಕಳು ಹಾಸ್ಟೆಲಿನಲ್ಲಿದ್ದಾರೆ, ವಯಸ್ಸಾದ ತಂದೆತಾಯಿ ಮಾತ್ರ ಊರಿನಲ್ಲಿದ್ದಾರೆ. ಕಿರು ಕ್ರೈಸ್ತ ಸಮುದಾಯದ ಸಭೆಗಳು ಜಪಸರ ಹೇಳಿ ಮುಗಿಸುವುದಕ್ಕೆ ಮಾತ್ರ ಸೀಮಿತವಾಗದೆ, ವಾಳೆಯಲ್ಲಿ ಯಾರು ಕೆಲವು ವಾರಗಳಿಂದ ಪೂಜೆಗೆ ಬಂದಿಲ್ಲ, ಯಾರ ಮನೆಯಲ್ಲಿ ಹುಡುಗ ಮಾತು ಬಿಟ್ಟಿದ್ದಾನೆ ಎಂದು ವಿಚಾರಿಸಬಹುದು. ಗೂಢಚರ್ಯೆಯಾಗಿ ಅಲ್ಲ, ನೆರೆಯವರ ಪ್ರೀತಿಯಿಂದ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ ಎಂದು ತಜ್ಞರು ಹೇಳುತ್ತಾರೆ. ಕೇಳಿದಾಗ ಅನೇಕರಿಗೆ ಹಗುರವೆನಿಸುತ್ತದೆ.

2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ಆರಂಭಿಸಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಬ್ಬ ಗಾಯಕ ಇಂಥ ನಂಬರನ್ನು ಹಾಡಿನ ಹೆಸರಾಗಿ ಇಡಬಲ್ಲನಾದರೆ, ನಮ್ಮ ಚರ್ಚಿನ ಸೂಚನಾ ಫಲಕದಲ್ಲಿ ಅದಕ್ಕೆ ಜಾಗವಿಲ್ಲವೇ? ಬಲಿಪೂಜೆಯ ಕೊನೆಯ ಪ್ರಕಟಣೆಗಳ ನಡುವೆ ಒಂದು ನಿಮಿಷ ಸಿಗುವುದಿಲ್ಲವೇ?

ಅರುವತ್ತು ವರ್ಷಗಳ ಕಾಲ ಬಿಬಿಸಿ ಒಂದು ಹಾಡಿನ ಪದಗಳನ್ನು ತಡೆಹಿಡಿಯಿತು. ಪದಗಳಿಲ್ಲದ ರಾಗ ಮಾತ್ರ ಗಾಳಿಯಲ್ಲಿ ಹರಿಯುತ್ತಿತ್ತು. ನಮ್ಮ ಊರಿನಲ್ಲೂ ಪದಗಳಿಲ್ಲದೆ ಅಳುವ ಎಷ್ಟೋ ಮಂದಿ ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರುತ್ತಾರೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅಂಥ ಒಬ್ಬರ ಬಳಿ ನಿಂತು, “ಹೇಗಿದ್ದೀರಿ?” ಎಂದು ಕೇಳೋಣ. ಕೇಳಿದ ಮೇಲೆ ಉತ್ತರ ಬರುವವರೆಗೆ ನಿಲ್ಲೋಣ.